ಬೀಟೆಯ ಮರ, ಅಮೆರಿಕದ ಗಿಟಾರು
(ಬಾನುಲಿ ಭಾಷಣ)

ಹಿರಿಯೂರಿಗೆ ಹತ್ತಿರದ ಬಬ್ಬೂರು ನನ್ನ ಊರು. ವೇದಾವತಿಯ ದಂಡೆ, ಮಾರಿಕಣಿವೆಯ ನೀರು ಕಂಡ ತೆಂಗಿನ ತೋಟಗಳು, ಅವುಗಳಾಚೆ ಜಾಲಿ ಹೊಂಗೆಗಳ ಒಣಸೀಮೆ. ಇಂಥ ಊರಿನವನೊಬ್ಬ ಅಮೆರಿಕದ ವಿದ್ಯುತ್ ಗಿಟಾರನ್ನು ಕುರಿತು ಮಾತನಾಡಹೊರಟಿರುವುದು ಕೇಳುಗರಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ನಾನು ಸಂಗೀತಗಾರನಲ್ಲ, ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಬಡಗಿಯ ಮಗ. ಆ ಒಂದು ಅರ್ಹತೆಯಿಂದಲೇ ಈ ಮಾತಿಗೆ ತೊಡಗಿದ್ದೇನೆ.

ನನ್ನ ತಂದೆ ಗಾಡಿಯ ಚಕ್ರ ಕಟ್ಟುತ್ತಿದ್ದರು. ಜಾಲಿಯ ಗುಂಬ, ಅದಕ್ಕೆ ಕೂಡಿಸಿದ ಅರೆಗಳು, ಮೇಲೆ ಕೆಂಪಗೆ ಕಾಸಿ ಬಿಗಿದ ಕಬ್ಬಿಣದ ಪಟ್ಟಾ. ಚಕ್ರ ಮುಗಿದ ದಿನ ಅದನ್ನು ಅಂಗಳದಲ್ಲಿ ಉರುಳಿಸಿ, ಕಿವಿಗೊಟ್ಟು ಕೇಳುವರು. "ಸದ್ದು ಬರಬಾರದು. ಬಂತೆಂದರೆ ಎಲ್ಲೋ ಸಡಿಲ ಉಳಿದಿದೆ" ಎನ್ನುವರು. ನಾನು ಬಾಚಿ ಹಿಡಿಯಲಿ ಎಂಬ ಆಸೆ ಅವರಿಗಿತ್ತು. ನನಗೆ ನಾಚಿಕೆಯಾಗುತ್ತಿತ್ತು. ಪುಸ್ತಕ ಹಿಡಿದೆ.

ಮುಂದೆ ನನ್ನ ಮಗ, ಪಿಯುಸಿ ಪರೀಕ್ಷೆಯ ವರ್ಷದಲ್ಲಿ, ಎಲ್ಲಿಂದಲೋ ಒಂದು ಹಳೆಯ ಗಿಟಾರು ತಂದ. ಓದು ಕೆಟ್ಟೀತೆಂದು ಅದನ್ನು ಅಟ್ಟಕ್ಕೆ ಹಾಕಿಸಿದೆ. ಪರೀಕ್ಷೆ ಮುಗಿದು ಇಳಿಸುವ ಹೊತ್ತಿಗೆ ಗೆದ್ದಲು ಹಿಡಿದಿತ್ತು. ಅವನು ಒಂದು ಮಾತೂ ಆಡಲಿಲ್ಲ. ಎಂಜಿನಿಯರಿಂಗ್ ಓದಿದ, ಅಮೆರಿಕಕ್ಕೆ ಹೋದ. ಇಪ್ಪತ್ತು ವರ್ಷ ನಮ್ಮ ನಡುವೆ ಸಂಗೀತದ ಪ್ರಸ್ತಾಪವೇ ಬರಲಿಲ್ಲ.

ಹೋದ ಬೇಸಿಗೆಯಲ್ಲಿ ಬಂದಾಗ ಅವನ ಕೈಯಲ್ಲಿ ಉದ್ದನೆಯ ಪೆಟ್ಟಿಗೆಯಿತ್ತು. ಒಳಗೆ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಎಂಬ ಗಿಟಾರು. ಬೆಲೆ ಆರು ಸಾವಿರ ಡಾಲರೆಂದು ಕೇಳಿ ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಅದನ್ನು ನನ್ನ ತೊಡೆಯ ಮೇಲಿಟ್ಟುಬಿಟ್ಟ. ನನ್ನ ಹೆಬ್ಬೆರಳು ತಂತಿಗಳ ಕೆಳಗಿನ ಹಲಗೆಯ ಮೇಲೆ ಹರಿಯಿತು. ಮೆರುಗೆಣ್ಣೆ ಸೋಕದ ಬರಿಯ ಮರ. ನೇರಳೆ ಬೆರೆತ ಕಂದು ಬಣ್ಣ, ಕಣ್ಣಿಗೆ ಕಾಣುವ ಸಣ್ಣ ರಂಧ್ರಗಳು. "ಇದು ಬೀಟೆ!" ಎಂದೆ. "ಹೌದಪ್ಪ, ನಮ್ಮ ದೇಶದ್ದೇ" ಎಂದ ಮಗ. ಓದುವ ಚಟ ನನಗೆ ಮೊದಲಿನಿಂದ ಉಂಟು. ಅಂದಿನಿಂದ ಈ ವಾದ್ಯದ ಬೆನ್ನು ಹತ್ತಿದೆ.

ಬೀಟೆ ನಮ್ಮ ಬಯಲುಸೀಮೆಯ ಮರವಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡಗಳ ಕಾಡಿನದು. ಮೈಸೂರಿನ ಕುಸುರಿ ಕೆಲಸಗಾರರು ಚಿತ್ರ ಕೂಡಿಸುವುದು ಇದರ ಮೇಲೆಯೇ. ಅಮೆರಿಕದ ಗಿಟಾರು ತಯಾರಕರು ಮೊದಲು ಬಳಸುತ್ತಿದ್ದುದು ಬ್ರೆಜಿಲ್ ದೇಶದ ಬೀಟೆಯನ್ನು. 1960ರ ದಶಕದಲ್ಲಿ ಅದು ದುರ್ಲಭವಾಗುತ್ತ ಬಂದಾಗ ಅವರ ದೃಷ್ಟಿ ನಮ್ಮ ಸಹ್ಯಾದ್ರಿಯ ಕಡೆ ಹೊರಳಿತು. ಮಾರ್ಟಿನ್ ಎಂಬ ಹೆಸರಾಂತ ಕಂಪನಿ 1969ರಲ್ಲಿ ತನ್ನ ಗಿಟಾರುಗಳಿಗೆ ಭಾರತದ ಬೀಟೆಯನ್ನು ಸ್ವೀಕರಿಸಿತು.

ಇಷ್ಟಾಗಿ, ಈ ವಾದ್ಯ ಹುಟ್ಟಿದ್ದೇಕೆ? ಕೇಳಿಸದಿದ್ದುದರಿಂದ. ನಮ್ಮ ಪಿಟೀಲು ಚೌಡಯ್ಯನವರು ಧ್ವನಿವರ್ಧಕವಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಬೇಕೆಂದು ನಾಲ್ಕು ತಂತಿಗಳ ಪಿಟೀಲಿಗೆ ಇನ್ನೂ ಮೂರು ತಂತಿ ಕೂಡಿಸಿದರಷ್ಟೆ. ಅಮೆರಿಕದಲ್ಲಿ ತುತ್ತೂರಿಗಳ ಅಬ್ಬರದ ನಡುವೆ ಮುಳುಗಿಹೋಗುತ್ತಿದ್ದ ಗಿಟಾರಿಗೂ ಅದೇ ಕೊರಗು. ಅವರು ಹಿಡಿದ ದಾರಿ ಬೇರೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವೊಂದುಂಟು: ಸುರುಳಿಯ ಬಳಿ ಕಾಂತಕ್ಷೇತ್ರ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತವನ್ನಿಟ್ಟು, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರು. ಇದಕ್ಕೆ ಪಿಕಪ್ ಎಂದು ಹೆಸರು. ತಂತಿಯ ನಡುಕ ವಿದ್ಯುತ್ತಾಗಿ, ಧ್ವನಿವರ್ಧಕದಲ್ಲಿ ಮತ್ತೆ ನಾದವಾಗುತ್ತದೆ. 1932ರಲ್ಲಿ ಮಾರಾಟಕ್ಕೆ ಬಂದ ಅಂಥ ಗಿಟಾರಿನ ಒಡಲು ಅಲ್ಯುಮಿನಿಯಮ್ ಎರಕ, ನೋಡಲು ಬಾಣಲೆಯಂತಿತ್ತು.

ಲೆಸ್ ಪಾಲ್ ಎಂಬ ವಾದಕ 1940ರ ಸುಮಾರಿಗೆ ನಾಲ್ಕಂಗುಲದ ಪೈನ್ ಮರದ ತೊಲೆಯೊಂದಕ್ಕೆ ತಂತಿ ಬಿಗಿದ. ನೋಡುವವರಿಗೆ ಗಿಟಾರಿನಂತೆ ಕಾಣಲೆಂದು ಹಳೆಯ ಗಿಟಾರಿನ ಎರಡು ಹೋಳುಗಳನ್ನು ಪಕ್ಕಕ್ಕೆ ಅಂಟಿಸಿದ! ಇವನ ಹೆಸರಿನ ಗಿಟಾರನ್ನೇ ಗಿಬ್ಸನ್ ಕಂಪನಿ 1952ರಲ್ಲಿ ಹೊರತಂದಿತು. ಅದಕ್ಕೂ ಮೊದಲು, 1950ರಲ್ಲಿ, ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ಇಡಿಮರದ ಗಿಟಾರನ್ನು ಮಾರುಕಟ್ಟೆಗೆ ತಂದಿದ್ದ. ಇವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ರೇಡಿಯೋ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದವನು. ಗಿಟಾರಿನ ಕತ್ತನ್ನು ಒಡಲಿಗೆ ನಾಲ್ಕು ತಿರುಪುಗಳಿಂದ ಕೂಡಿಸಿದ. ಕೆಟ್ಟರೆ ಬಿಚ್ಚಿ ಬದಲಾಯಿಸಬಹುದು. ಗಿಬ್ಸನ್‌ನವರಾದರೋ ಕತ್ತನ್ನು ಒಡಲಿನೊಳಕ್ಕೆ ಕೂರಿಸಿ ಅಂಟು ಹಾಕಿದರು. ಒಂದು ನೇಗಿಲು ಕಟ್ಟುವವನ ಬುದ್ಧಿ, ಇನ್ನೊಂದು ತೊಟ್ಟಿಲು ಕಟ್ಟುವವನ ಬುದ್ಧಿ. ಎರಡೂ ಬಡಗಿಯವೇ.

ಇಲ್ಲಿ ನನಗೊಂದು ಸಂದೇಹ ಹುಟ್ಟಿತು. ವೀಣೆಯಲ್ಲಿ ತಂತಿಯ ನಡುಕವನ್ನು ಕೊಡ ಸ್ವೀಕರಿಸುತ್ತದೆ, ಮರವೇ ಹಾಡುತ್ತದೆ. ಈ ಗಿಟಾರಿನ ಒಡಲು ಟೊಳ್ಳಲ್ಲ. ಪಿಕಪ್ಪಿನ ಕಿವಿಗೆ ಬೀಳುವುದು ಉಕ್ಕಿನ ತಂತಿಯ ಅಲುಗಾಟ ಮಾತ್ರ. ಹಾಗಾದರೆ ಉತ್ತಮ ಮರವೇಕೆ, ಆರು ಸಾವಿರ ಡಾಲರಿನ ಕುಸುರಿ ಏಕೆ? ಮರದಿಂದ ನಾದ ಎಷ್ಟು ಬದಲಾಗುತ್ತದೆಂಬ ಬಗ್ಗೆ ನುಡಿಸುವವರೂ ವಿಜ್ಞಾನಿಗಳೂ ಇಂದಿಗೂ ವಾದಿಸುತ್ತಾರೆ. ಆದರೆ ಒಂದು ಮಾತು ಸ್ಪಷ್ಟ. ತಂತಿಯ ಕಸುವನ್ನು ಮರ ಕದ್ದಷ್ಟೂ ನಾದ ಬೇಗ ಅಡಗುತ್ತದೆ. ಇಲ್ಲಿ ಮರದ ಧರ್ಮ ಹಾಡುವುದಲ್ಲ; ತಂತಿ ಹಾಡುವಾಗ ತಾನು ಅಲುಗದೆ ನಿಲ್ಲುವುದು.

ಕುಶಲತೆಯೂ ಇಂಥದೇ. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ಮೇಣ ಮೆತ್ತಗಾದರೆ ಮೇಳ ಮತ್ತೆ ಕಟ್ಟಬಹುದು. ಗಿಟಾರಿನಲ್ಲಿ ಬೀಟೆಯ ಹಲಗೆಗೆ ಗೀರು ಕೊಯ್ದು ಲೋಹದ ಮೆಟ್ಟಿಲನ್ನು ಬಡಿದುಬಿಡುತ್ತಾರೆ. ಪ್ರತಿ ಮೆಟ್ಟಿಲಿಗೂ ಉಳಿದ ತಂತಿಯ ಉದ್ದದಲ್ಲಿ ಸುಮಾರು ಹದಿನೆಂಟರ ಒಂದು ಪಾಲು ಕಡಮೆಯಾಗುತ್ತ ಹೋಗಬೇಕು. ಒಂದು ತಪ್ಪಿದರೆ ಆ ಸ್ವರ ಎಂದೆಂದಿಗೂ ಅಪಸ್ವರ. ಒಂದು ಮೆಟ್ಟಿಲು ಕೂದಲೆಳೆಯಷ್ಟು ಎತ್ತರವಾದರೂ ತಂತಿ ಅದಕ್ಕೆ ತಗುಲಿ ಕಿರುಗುಟ್ಟುತ್ತದೆ. ಯಂತ್ರ ಒರಟು ಕೆಲಸವನ್ನು ಮಾಡೀತು. ಉತ್ತಮ ಗಿಟಾರಿನಲ್ಲಿ ಕೊನೆಯ ಅರ ಹಿಡಿಯುವುದು ಮನುಷ್ಯನ ಕೈ. ಆ ಕೈ ಮಾಡಿದ ಕೆಲಸ ಕೇಳುಗನಿಗೆ ತಿಳಿಯುವುದೇ ಇಲ್ಲ. ತಿಳಿಯದಿರುವುದೇ ಅದರ ಗೆಲವು.

ಇಷ್ಟು ಅರಿತ ಮೇಲೆ ಮರದ ಗತಿಯನ್ನೂ ವಿಚಾರಿಸದಿರಲಾಗಲಿಲ್ಲ. ನಮ್ಮಲ್ಲಿ ಬೀಟೆ ಕಡಿಯಲು ಸರ್ಕಾರದ ಅಪ್ಪಣೆ ಬೇಕು. ದಪ್ಪ ಹಲಗೆಗಳ ರಫ್ತಿಗೂ ಕಟ್ಟುಪಾಡುಂಟು. 2011ರ ಆಗಸ್ಟ್ 24ರಂದು ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳನ್ನು ಶೋಧಿಸಿ, ಭಾರತದಿಂದ ಹೋದ ಬೀಟೆ ಮತ್ತು ಎಬನಿ ಹಲಗೆಗಳನ್ನು ವಶಪಡಿಸಿಕೊಂಡರು. ನಮ್ಮ ಕಾನೂನಿನ ಪ್ರಕಾರ ಅವು ಹೋಗಬಹುದಾಗಿತ್ತೆ ಎಂಬುದೇ ತಕರಾರು. 2012ರ ಒಪ್ಪಂದದ ಬಳಿಕ ಭಾರತದ ಮರ ಕಂಪನಿಗೆ ಹಿಂದಿರುಗಿತು. 2017ರ ಆರಂಭದಿಂದ ಬೀಟೆಯ ಕುಲವೆಲ್ಲ ಅಂತರರಾಷ್ಟ್ರೀಯ ನಿಯಂತ್ರಣದ ಪಟ್ಟಿಗೆ ಸೇರಿತು. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಸಹ್ಯಾದ್ರಿಯ ಒಂದು ಮರಕ್ಕಾಗಿ ಸಪ್ತಸಮುದ್ರದಾಚೆ ಮೊಕದ್ದಮೆ! ನಮ್ಮ ತಂದೆ ಕೇಳಿದ್ದರೆ ನಗುತ್ತಿದ್ದರೋ, ಹೆಮ್ಮೆಪಡುತ್ತಿದ್ದರೋ ತಿಳಿಯದು.

ಆ ರಾತ್ರಿ ಮಗ ನನಗಾಗಿ ನುಡಿಸಲು ಕುಳಿತ. ಕರೆಂಟು ಹೋಯಿತು. ವಿದ್ಯುತ್ತಿಲ್ಲದ ಆ ವಾದ್ಯದ ದನಿ ಸೊಳ್ಳೆಯ ದನಿಗಿಂತ ದೊಡ್ಡದಲ್ಲ. "ಕಿವಿ ಇಲ್ಲಿಡಿ" ಎಂದ. ತಲೆ ಬಾಗಿಸಿ ಮರಕ್ಕೆ ಕಿವಿಯಿಟ್ಟೆ. ದೂರದ ಗುಡಿಯ ಗಂಟೆಯಂತೆ ನಾದ ತುಂಬಿ ಬಂತು. ಅದೇ ಭಂಗಿಯಲ್ಲಿ, "ಅವತ್ತು ಅಟ್ಟಕ್ಕೆ ಹಾಕಿಸಬಾರದಿತ್ತು" ಎಂದೆ. ಅವನು ನುಡಿಸುವುದನ್ನು ನಿಲ್ಲಿಸಲಿಲ್ಲ.

ಕರೆಂಟು ಬಂತು. ಒಂಟಿ ಸುರುಳಿಯ ಪಿಕಪ್ಪುಗಳು ಮನೆಯ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯನ್ನೂ ಹಿಡಿದುಬಿಡುತ್ತವಂತೆ. ಅದನ್ನು ನೀಗಲು ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ಎಂಜಿನಿಯರು 1955ರಲ್ಲಿ ಎದುರುಬದುರಾಗಿ ಸುತ್ತಿದ ಎರಡು ಸುರುಳಿಗಳ ಉಪಾಯ ಹೂಡಿದ. ಒಂದರ ಗುಂಯ್‌ಕಾರವನ್ನು ಇನ್ನೊಂದು ನುಂಗುತ್ತದೆ. ಮಗ ಒಂದು ಕ್ಷಣ ತಂತಿಗಳ ಮೇಲೆ ಅಂಗೈಯಿಟ್ಟ. ಅದೇ ಹಳೆಯ ಅಭ್ಯಾಸದಂತೆ ನಾನು ಕಿವಿಗೊಟ್ಟೆ. ಸದ್ದಿರಲಿಲ್ಲ. ಎಲ್ಲಿಯೂ ಸಡಿಲ ಉಳಿದಿರಲಿಲ್ಲ.

ಕೇಳುಗರೇ, ನಿಮ್ಮ ಮನೆಯ ಮಗುವೊಂದು ನಿಮಗೆ ಪರಿಚಯವಿಲ್ಲದ ವಾದ್ಯವನ್ನು ಹೊತ್ತು ತಂದರೆ, ಬೆಲೆ ಕೇಳುವ ಮೊದಲು ಅದು ಯಾವ ಮರದ್ದೆಂದು ಕೇಳಿ. ಮಾತು ಅಲ್ಲಿಂದ ಬೆಳೆದೀತು.