ಕುತ್ತಿಗೆಯ ಮೂಳೆ ಸವೆತ: ಅರಿವು, ಆರೈಕೆ ಮತ್ತು ಪಂಚಾಯಿತಿಯ ಹೊಣೆ

(ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಅಡಿಕೆ ಕೊಯ್ಲಿನ ಕಾಲದಲ್ಲಿ ತರೀಕೆರೆ ಸೀಮೆಯ ಹೆಣ್ಣುಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ಕತ್ತಿಯ ಮುಂದೆ ತಲೆ ಬಾಗಿಸಿ ಕುಳಿತು ಅಡಿಕೆ ಸುಲಿಯುತ್ತಾರೆ. ಅಜ್ಜಂಪುರ, ಶಿವನಿ ಕಡೆಯ ಹೊಲಗಳಲ್ಲಿ ಈರುಳ್ಳಿಯ ಸೊಪ್ಪು ಕೊಯ್ಯುವವರ ಭಂಗಿಯೂ ಅದೇ. ಕಡೂರು, ಬೀರೂರುಗಳ ಮಾರುಕಟ್ಟೆಯಲ್ಲಿ ಹಮಾಲರು ಮೂಟೆಗಳನ್ನು ತಲೆ ಮತ್ತು ಹೆಗಲ ಮೇಲೆ ಸಾಗಿಸುತ್ತಾರೆ. ಕೆರೆಯ ಹೂಳೆತ್ತುವ ಕಾಮಗಾರಿಯಲ್ಲಿ ಮಣ್ಣಿನ ಪುಟ್ಟಿ, ಹೊಲದಿಂದ ಮನೆಗೆ ಮೇವಿನ ಹೊರೆ, ನಲ್ಲಿ ನಿಂತ ದಿನ ನೀರಿನ ಕೊಡ, ಎಲ್ಲವೂ ಏರುವುದು ಸಿಂಬಿಯ ಮೇಲೆಯೇ. ಈ ದುಡಿಮೆಯ ಭಾರವನ್ನು ಹೊರುವುದು ಕುತ್ತಿಗೆಯ ಏಳು ಸಣ್ಣ ಮೂಳೆಗಳು.

ಮೇಲಿನ ಎರಡು ಮೂಳೆಗಳ ನಡುವೆ ಬಿಟ್ಟರೆ, ಉಳಿದವುಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಇವನ್ನೇ ಡಿಸ್ಕ್ ಎನ್ನುತ್ತಾರೆ. ವಯಸ್ಸಾದಂತೆ ಬಿಲ್ಲೆಯೊಳಗಿನ ನೀರಿನಂಶ ಕುಗ್ಗಿ ಅದು ತೆಳುವಾಗುತ್ತದೆ, ಮೂಳೆಯ ಅಂಚಿನಲ್ಲಿ ಮುಳ್ಳಿನಂಥ ಬೆಳವಣಿಗೆ ಮೂಡುತ್ತದೆ, ಕೀಲುಗಳು ಒರಟಾಗುತ್ತವೆ. ಈ ಸಂಧಿವಾತಕ್ಕೆ ವೈದ್ಯರು ಸರ್ವೈಕಲ್ ಸ್ಪಾಂಡಿಲೋಸಿಸ್ ಎಂದು ಹೆಸರಿಟ್ಟಿದ್ದಾರೆ. ಅರವತ್ತು ದಾಟಿದ ಬಹುಪಾಲು ಜನರ ಎಕ್ಸ್‌ರೇಯಲ್ಲಿ ಈ ಸವೆತ ಕಾಣುತ್ತದೆ. ಆದರೆ ಅವರಲ್ಲಿ ಅನೇಕರಿಗೆ ಯಾವ ತೊಂದರೆಯೂ ಇರುವುದಿಲ್ಲ. ಆದುದರಿಂದ ಎಕ್ಸ್‌ರೇಯಲ್ಲಿ ಸವೆತ ಕಂಡ ಮಾತ್ರಕ್ಕೆ ಎದೆಗುಂದಬೇಕಾಗಿಲ್ಲ. ತಲೆಯ ನರೆಯಂತೆ ಅದೂ ವಯಸ್ಸಿನ ಗುರುತು. ಭಂಗಿ ಮತ್ತು ಹೊರೆ ಮಾತ್ರ ಅದನ್ನು ಬೇಗ ಬರಮಾಡಿಕೊಳ್ಳಬಲ್ಲವು.

ಭಂಗಿಯ ಪ್ರಭಾವವನ್ನು ಒಂದು ಸರಳ ಲೆಕ್ಕದಿಂದ ಅರಿಯಬಹುದು. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಹಗುರ. ಅದನ್ನೇ ತೋಳು ಚಾಚಿ ಹಿಡಿದರೆ ಕೈ ನಡುಗುತ್ತದೆ. ಬಿಂದಿಗೆಯ ತೂಕ ಬದಲಾಗಿಲ್ಲ, ದೂರ ಬದಲಾಗಿದೆ. ಮನುಷ್ಯನ ತಲೆ ಸುಮಾರು 5 ಕಿಲೋ ತೂಗುತ್ತದೆ. ಅದನ್ನು 60 ಡಿಗ್ರಿಯಷ್ಟು ಮುಂದಕ್ಕೆ ಬಾಗಿಸಿದಾಗ ಕುತ್ತಿಗೆಯ ಮೇಲೆ ಬೀಳುವ ಒತ್ತಡ ಸುಮಾರು 27 ಕಿಲೋಗೆ ಸಮನೆಂದು ಅಮೆರಿಕದ ಶಸ್ತ್ರಚಿಕಿತ್ಸಕರೊಬ್ಬರು 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅವರ ಗಮನವಿದ್ದುದು ಮೊಬೈಲ್ ನೋಡುವವರ ಮೇಲೆ. ಅಡಿಕೆ ಸುಲಿಯುವವರ ಕುತ್ತಿಗೆಗೂ ಲೆಕ್ಕ ಅದೇ.

ಇನ್ನು ನೋವಿನ ವಿಚಾರ. ಬೆಳಗ್ಗೆ ಕುತ್ತಿಗೆ ಬಿಗಿಯುವುದು, ಹೆಗಲು ಮತ್ತು ತಲೆಯ ಹಿಂಭಾಗದಲ್ಲಿ ನೋಯುವುದು ಸಾಮಾನ್ಯ ಲಕ್ಷಣಗಳು. ಇಂಥ ನೋವು ಬಹುತೇಕ ಕೆಲವು ವಾರಗಳಲ್ಲಿ ತಗ್ಗುತ್ತದೆ. ಒಂದೆರಡು ದಿನ ಭಾರದ ಕೆಲಸ ಬಿಡುವುದು, ಬಿಸಿನೀರಿನ ಶಾಖ ಕೊಡುವುದು, ಕುತ್ತಿಗೆ ಬೆನ್ನಿನ ನೇರಕ್ಕೆ ಇರುವಷ್ಟು ಎತ್ತರದ ದಿಂಬು ಬಳಸುವುದು ಒಳ್ಳೆಯದು. ನೋವು ತಗ್ಗಿದ ಮೇಲೆ ವ್ಯಾಯಾಮ ಆರಂಭಿಸಬೇಕು. ನೇರವಾಗಿ ಕುಳಿತು ಅಂಗೈಯನ್ನು ಹಣೆಗೆ ಒತ್ತಿ, ತಲೆ ಅಲುಗದಂತೆ ಐದು ಎಣಿಸುವವರೆಗೆ ಎದುರು ಒತ್ತುವುದು. ಬಳಿಕ ತಲೆಯ ಹಿಂಭಾಗ, ಎಡ ಮತ್ತು ಬಲ ಬದಿಗಳಲ್ಲಿ ಹಾಗೆಯೇ ಮಾಡುವುದು. ದಿನಕ್ಕೆರಡು ಸಲ, ಪ್ರತಿ ದಿಕ್ಕಿಗೆ ಐದಾರು ಬಾರಿ ಸಾಕು. ಮಾಡುವಾಗ ನೋವು ಹೆಚ್ಚಿದರೆ ನಿಲ್ಲಿಸಬೇಕು. ಕುತ್ತಿಗೆಪಟ್ಟಿಯನ್ನು ತಿಂಗಳುಗಟ್ಟಲೆ ಧರಿಸಿದರೆ ಸ್ನಾಯುಗಳು ಸೊರಗುತ್ತವೆ. ವೈದ್ಯರು ಹೇಳಿದಷ್ಟು ದಿನ ಮಾತ್ರ ಅದನ್ನು ಬಳಸಬೇಕು.

ಎರಡು ರೂಢಿಗಳನ್ನು ಬಿಡುವಂತೆ ಜನರಿಗೆ ತಿಳಿಹೇಳಬೇಕಾಗಿದೆ. ಮೊದಲನೆಯದು, ಕ್ಷೌರದಂಗಡಿಯಲ್ಲೋ ಮನೆಯಲ್ಲೋ ಕುತ್ತಿಗೆಯನ್ನು ಥಟ್ಟನೆ ತಿರುಗಿಸಿ ನೆಟಿಗೆ ತೆಗೆಸುವುದು. ಸವೆದ ಕುತ್ತಿಗೆಯಲ್ಲಿ ಇದರಿಂದ ನರಕ್ಕೆ ಅಥವಾ ಮಿದುಳಿಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಗಬಹುದು. ಎರಡನೆಯದು, ಚೀಟಿಯಿಲ್ಲದೆ ಔಷಧದಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದು. ಇದರಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಬಿಪಿ, ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಇನ್ನೂ ಹೆಚ್ಚು.

ಈಗ ಅತಿ ಮುಖ್ಯವಾದ ಮಾತು. ಕುತ್ತಿಗೆಯ ಸವೆತದಲ್ಲಿ ಭಯಪಡಬೇಕಾದದ್ದು ನೋವಿಗಲ್ಲ, ಬಲಹೀನತೆಗೆ. ನರದ ಬೇರು ಒತ್ತಿದರೆ ನೋವು ತೋಳಿನುದ್ದಕ್ಕೂ ಇಳಿದು ಬೆರಳು ಜೋಮು ಹಿಡಿಯುತ್ತದೆ. ಇದಕ್ಕೂ ವೈದ್ಯರ ಸಲಹೆ ಬೇಕು. ಆದರೆ ಬೆನ್ನುಹುರಿಯೇ ಒತ್ತಿದಾಗ ಅನೇಕರಿಗೆ ಹೆಚ್ಚು ನೋವೇ ಇರುವುದಿಲ್ಲ. ನೋವಿಲ್ಲವೆಂದು ಮನೆಯವರು ಸುಮ್ಮನಿರುತ್ತಾರೆ, ವಯಸ್ಸಾಯಿತು ಎಂದು ಸಮಾಧಾನ ಹೇಳುತ್ತಾರೆ. ಅಷ್ಟರಲ್ಲಿ ಮರಳಿ ಬಾರದ ಹಾನಿ ನಡೆದಿರುತ್ತದೆ. ಶಸ್ತ್ರಚಿಕಿತ್ಸೆ ಹಾನಿಯನ್ನು ತಡೆಯಬಲ್ಲದು. ಬಹುಕಾಲದ ಹಿಂದೆ ಕಳೆದುಹೋದ ಶಕ್ತಿಯನ್ನು ಪೂರ್ತಿಯಾಗಿ ಮರಳಿಸಲಾರದು. ಆದ್ದರಿಂದ ಕೆಳಗಿನ ಗುರುತುಗಳನ್ನು ಪ್ರತಿ ಸದಸ್ಯರೂ ನೆನಪಿನಲ್ಲಿಡಬೇಕು.

1. ಅಂಗಿಯ ಗುಂಡಿ ಹಾಕಲು, ಮುದ್ದೆ ಮುರಿಯಲು, ಚಿಲ್ಲರೆ ಎಣಿಸಲು ಬೆರಳು ತಡವರಿಸುವುದು.
2. ನಡೆಯುವಾಗ ಕಾಲು ಬಿಗಿಯುವುದು, ತೂರಾಡುವುದು, ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯದಿರುವುದು.
3. ಕೈಕಾಲುಗಳ ಶಕ್ತಿ ದಿನೇ ದಿನೇ ಕುಂದುವುದು.
4. ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು.
5. ಕತ್ತು ಬಾಗಿಸಿದಾಗ ಬೆನ್ನಿನಲ್ಲಿ ವಿದ್ಯುತ್ ಹರಿದಂತಾಗುವುದು.

ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ಅಗತ್ಯವಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಕಳುಹಿಸಬೇಕು. ಕುತ್ತಿಗೆ ನೋವಿನ ಜೊತೆಗೆ ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಅದು ಮೂಳೆಯ ಕ್ಷಯವೂ ಆಗಿರಬಹುದು. ಕ್ಷಯಮುಕ್ತ ಪಂಚಾಯಿತಿಯ ಗುರಿ ಹೊತ್ತವರು ಇದನ್ನು ಮರೆಯಬಾರದು. ತೆಂಗಿನ ಮರದಿಂದಲೋ ಬೈಕಿನಿಂದಲೋ ಬಿದ್ದವರನ್ನು ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಕೂರಿಸಬಾರದು. ತಲೆ, ಕುತ್ತಿಗೆ ಅಲುಗದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಬೇಕು. ಮೊದಲೇ ಸವೆದ ಕುತ್ತಿಗೆಯಾದರೆ ಸಣ್ಣ ಬೀಳುವಿಕೆಯೂ ಬೆನ್ನುಹುರಿಗೆ ಪೆಟ್ಟು ತರಬಲ್ಲದು.

ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ ಹೆದರಿ ಮನೆಯಲ್ಲೇ ಉಳಿಯುವವರಿದ್ದಾರೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ತುರ್ತು ಸಂದರ್ಭ ಹೊರತುಪಡಿಸಿ, ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯಬೇಕು. ಈ ಒಂದು ಮಾತನ್ನು ಮುಂಚಿತವಾಗಿ ತಿಳಿಸಿದರೆ ಅಲೆದಾಟ ತಪ್ಪುತ್ತದೆ.

ಮದ್ದು ಕೊಡುವುದು ವೈದ್ಯರ ಕೆಲಸ. ಭಾರ ಇಳಿಸುವುದು ಪಂಚಾಯಿತಿಯಿಂದ ಸಾಧ್ಯ. ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಪುಟ್ಟಿಯನ್ನು ಅರ್ಧ ತುಂಬಿಸುವುದು, ಇಬ್ಬರು ಸೇರಿ ಎತ್ತುವುದು, ನೆಲ ಅನುಕೂಲವಿದ್ದಲ್ಲಿ ತಳ್ಳುಗಾಡಿ ಬಳಸುವುದು, ಕುತ್ತಿಗೆ ನೋವಿರುವವರಿಗೂ ವಯಸ್ಸಾದವರಿಗೂ ನೀರು ಕೊಡುವಂಥ ಹಗುರ ಕೆಲಸ ಹಂಚುವುದು ಕಷ್ಟವೇನಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ, ಗಂಡಾಳೊಬ್ಬ ಹೊರುವ ಹೊರೆ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿದೆ. ವರ್ತಕರೊಡನೆ ಕುಳಿತು ಮೂಟೆಯ ತೂಕದ ಮಾತು ಎತ್ತಲು ಇದು ಆಧಾರವಾಗುತ್ತದೆ.

ಅಡಿಕೆ ಸುಲಿಯುವ ಯಂತ್ರ ಬಂದರೆ ಕುತ್ತಿಗೆಗೆ ಬಿಡುವು ಸಿಗುತ್ತದೆ. ಆದರೆ ಕೆಲವರ ಕೂಲಿಯೂ ಹೋಗುತ್ತದೆ. ಕೈಯಲ್ಲೇ ಸುಲಿಯುವವರಿಗೆ ಕತ್ತಿಯನ್ನು ಎತ್ತರಿಸಿ ಕೂರಿಸುವುದು, ಬೆನ್ನಿಗೆ ಆಸರೆ ಕೊಡುವುದು, ಅರ್ಧ ಗಂಟೆಗೊಮ್ಮೆ ಎದ್ದು ಹೆಗಲು ತಿರುಗಿಸುವುದು ಖರ್ಚಿಲ್ಲದ ಮಾರ್ಗಗಳು. ಮನೆಮನೆಯ ನಲ್ಲಿ ಕೆಟ್ಟು ನಿಂತ ಪ್ರತಿ ದಿನವೂ ಕೊಡ ತಲೆಯೇರುತ್ತದೆಂಬುದನ್ನು ನೆನೆದರೆ, ನಲ್ಲಿಯ ದುರಸ್ತಿಯೂ ಆರೋಗ್ಯದ ಕಾರ್ಯವೆಂದು ಮನವರಿಕೆಯಾದೀತು.

ಮುಂದಿನ ಗ್ರಾಮಸಭೆಯಲ್ಲಿ ಆಶಾ ಕಾರ್ಯಕರ್ತೆಯರ ನೆರವಿನಿಂದ ಮೇಲಿನ ಐದು ಗುರುತುಗಳನ್ನು ಓದಿ ಹೇಳಿ, ಪಂಚಾಯಿತಿಯ ಸೂಚನಾ ಫಲಕದಲ್ಲಿ ಬರೆಸುವಂತಾಗಲಿ. ಮುದ್ದೆ ಮುರಿಯಲು ಬೆರಳು ಸೋಲುತ್ತಿದೆ ಎಂದು ಊರಿನ ಅಜ್ಜಿಯೊಬ್ಬರು ಹೇಳಿದಾಗ, ವಯಸ್ಸಾಯಿತು ಎನ್ನದೆ ಆಸ್ಪತ್ರೆಗೆ ಕರೆದೊಯ್ಯುವ ಒಬ್ಬರಾದರೂ ಪ್ರತಿ ವಾರ್ಡಿನಲ್ಲಿ ಇದ್ದರೆ ಈ ಉಪನ್ಯಾಸ ಸಾರ್ಥಕ.