ಆ ತಾಯಿಗಿದ್ದದ್ದು ಒಂದೇ ಮೈಕ್

ಮೊನ್ನೆ ಒಂದು ಸಮಾವೇಶದಿಂದ ಲೈವ್ ಇದ್ದೆ. ಬೆಳೆ ಕಳ್ಕೊಂಡ ಮಹಿಳೆಯೊಬ್ಬರು ಮಾತು ಶುರು ಮಾಡಿದ್ರು, ನನ್ನ ವೈರ್‌ಲೆಸ್ ಮೈಕ್ ಸತ್ತೇ ಹೋಯ್ತು. ನೀವು ನೋಡಿದ್ದು ಬರೀ ತುಟಿ.

ಯಾಕೆ ಹೀಗಾಗುತ್ತೆ? ಎಂಜಿನಿಯರಿಂಗ್ ಓದಿದವನು ನಾನು, ಸರಳವಾಗಿ ಹೇಳ್ತೀನಿ. ಒಂದು, ಜಾಗದ ಕೊರತೆ. ಈ ಮೈಕ್‌ಗಳು ಹೆಚ್ಚಾಗಿ ಟಿವಿ ಪ್ರಸಾರದ ಯುಎಚ್‌ಎಫ್ ತರಂಗಗಳ ನಡುವಿನ ಖಾಲಿ ಜಾಗದಲ್ಲಿ ಕೆಲಸ ಮಾಡುತ್ತವೆ. ಅದು ಈಗ ಮೊಬೈಲ್ ಕಂಪನಿಗಳಿಗೂ ಬೇಕು. ಅಮೆರಿಕದಲ್ಲಿ 2017ರಲ್ಲಿ 600 ಮೆಗಾಹರ್ಟ್ಸ್ ಹರಾಜಾಯ್ತು. 2020ರ ಜುಲೈ ಹೊತ್ತಿಗೆ ಮೈಕ್‌ಗಳು ಅಲ್ಲಿಂದ ಬಹುಪಾಲು ಗಂಟುಮೂಟೆ ಕಟ್ಟಬೇಕಾಯ್ತು. ನಮ್ಮಲ್ಲಿ 2022ರ ಹರಾಜಿನಲ್ಲಿ ಆ ಬ್ಯಾಂಡನ್ನು ಯಾರೂ ಕೊಳ್ಳಲಿಲ್ಲ. ಆದ್ರೆ ನಾಳೆ?

ಎರಡು, ದೂರ. ಆಂಟೆನಾ ವೇದಿಕೆ ಹತ್ರ, ರಿಸೀವರ್ ಓಬಿ ವ್ಯಾನಲ್ಲಿ. ನಡುವಿನ ಕೋಆಕ್ಸ್ ಕೇಬಲ್ 100 ಮೀಟರ್‌ನಲ್ಲೇ ಸಿಗ್ನಲ್‌ನ ಬಹುಭಾಗ ನುಂಗಿಬಿಡುತ್ತೆ. ಹೊಸ ಸಾಧನಗಳು ಅದೇ ರೇಡಿಯೋ ಸಿಗ್ನಲನ್ನು ಲೇಸರ್ ಬೆಳಕಿನ ಮೇಲೇರಿಸಿ ಫೈಬರ್‌ನಲ್ಲಿ ಕಳಿಸುತ್ತವೆ. ಕಿಲೋಮೀಟರ್ ಹೋದ್ರೂ ಫೈಬರ್‌ನಲ್ಲಿ ಸೋರೋದು ಅಲ್ಪ.

ದುಬಾರಿ, ನಿಜ. ಆದರೆ ನಾಯಕರ ಮುಂದೆ ಹತ್ತು ಮೈಕ್. ಒಂದು ಹೋದ್ರೆ ಒಂಬತ್ತು ಉಳಿಯುತ್ತೆ. ಆ ತಾಯಿ ಮುಂದೆ ಇದ್ದದ್ದು ಒಂದೇ. ಸ್ಟುಡಿಯೋ ಥಳಕಿಗೆ ದುಡ್ಡಿರೋ ನಮ್ಮಂಥವರ ಹತ್ರ ಇದಕ್ಕೂ ಇರಬೇಕಲ್ವಾ?