‘ಮನೆ ಚೆಂದ ಉಂಟು ಸಿಸ್ಟರ್’

(ಮನೆ ಭೇಟಿಗೆ ಹೊರಡುವ ಕಾರ್ಯಕರ್ತೆಯರ ತರಬೇತಿಯಲ್ಲಿ ನೀಡಿದ ಭಾಷಣ)



ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಸರ್ಕಾರಿ ರಬ್ಬರ್ ತೋಟಗಳ ಕಾಲೊನಿಗಳಿಗೆ ನಾವು ಹೊರಟಿದ್ದೇವೆ. ನಮ್ಮ ಕೈಯಲ್ಲಿ ಒಂದು ನಮೂನೆ ಉಂಟು. ಅದರ ಕೊನೆಯ ಪ್ರಶ್ನೆ: ‘ಈಗಿರುವ ಮನೆ ನಿಮಗೆ ತೃಪ್ತಿಕರವೇ? ಹೌದು / ಇಲ್ಲ.’ ಇವತ್ತು ಈ ಒಂದು ಪ್ರಶ್ನೆಯ ಬಗ್ಗೆ ಮಾತ್ರ ಮಾತಾಡೋಣ.

ಹಿಂದೊಮ್ಮೆ ಮಳೆಗಾಲದಲ್ಲಿ ನಾವು ಒಂದು ಲೈನಿಗೆ ಹೋಗಿದ್ದೆವು. ಒಬ್ಬ ತಾಯಿ ಚಾ ಮಾಡಿ ಕೊಟ್ಟು, ‘ಮನೆ ಚೆಂದ ಉಂಟು ಸಿಸ್ಟರ್, ಏನೂ ತೊಂದರೆ ಇಲ್ಲ’ ಅಂದರು. ನಾವು ‘ಹೌದು’ ಎಂದು ಗುರುತು ಹಾಕಿದೆವು. ಎದ್ದು ಹೊರಡುವಾಗ ನೋಡಿದರೆ, ಮೂಲೆಯಲ್ಲಿ ಸೋರುವ ನೀರಿಗೆ ಪಾತ್ರೆ ಇಟ್ಟಿದ್ದಾರೆ! ಕೇಳಿದ್ದಕ್ಕೆ ಮೆಲ್ಲಗೆ ಹೇಳಿದರು: ‘ಬರುವ ವರ್ಷ ನಮ್ಮ ಯಜಮಾನರಿಗೆ ರಿಟೈರ್. ಈಗ ಮಾಡಿನ ವಿಷಯ ಎತ್ತಿದರೆ ಮನೆಯ ವಿಷಯವೂ ಏಳುತ್ತದೆ.’

ಈ ಮಾತು ಅರ್ಥವಾಗಬೇಕಾದರೆ ಈ ಜನ ಬಂದ ದಾರಿ ನಮಗೆ ಗೊತ್ತಿರಬೇಕು. ಬ್ರಿಟಿಷರ ಕಾಲದಲ್ಲಿ ಇವರ ಹಿರಿಯರು ತಮಿಳು ಸೀಮೆಯಿಂದ ಸಿಲೋನಿನ ತೋಟಗಳಿಗೆ ಹೋದವರು. ಅಲ್ಲಿನ 1948ರ ಪೌರತ್ವ ಕಾಯ್ದೆಯಿಂದಾಗಿ ಹೆಚ್ಚಿನವರು ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಕೆಯವರೂ ಒಪ್ಪಂದ ಮಾಡಿಕೊಂಡರು. 5,25,000 ಜನರನ್ನು ಭಾರತ, 3,00,000 ಜನರನ್ನು ಶ್ರೀಲಂಕಾ ತಮ್ಮವರೆಂದು ಸ್ವೀಕರಿಸುವುದೆಂದಾಯಿತು. ಹಾಗೆ ಬಂದವರಲ್ಲಿ ಕೆಲವು ಕುಟುಂಬಗಳಿಗೆ ನಮ್ಮ ಅರಣ್ಯ ಭೂಮಿಯಲ್ಲಿ ಬೆಳೆಸಿದ ರಬ್ಬರ್ ತೋಟಗಳಲ್ಲಿ ಕೆಲಸವೂ ಲೈನ್ ಮನೆಯೂ ಸಿಕ್ಕಿದವು.

ತೋಟದ ಕಾರ್ಮಿಕರಿಗೆ ವಾಸದ ಮನೆ ಒದಗಿಸಿ ನೋಡಿಕೊಳ್ಳುವುದು ಮಾಲೀಕರ ಹೊಣೆ ಎಂದು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಹೇಳಿತು. 2020ರ ಕಾರ್ಮಿಕ ಸಂಹಿತೆಯಲ್ಲೂ ವಸತಿಯ ವಿಷಯ ಸೇರಿದೆ. ಆದ್ದರಿಂದ ಮಾಡು ರಿಪೇರಿ ಕೇಳುವುದು ಭಿಕ್ಷೆ ಬೇಡಿದ ಹಾಗಲ್ಲ. ಆದರೆ ಈ ಮನೆ ಕೆಲಸದ ಬೆನ್ನಿಗೆ ಕಟ್ಟಿದ ಮನೆ. ಕೆಲಸ ಮುಗಿದರೆ ಮನೆಯೂ ಮುಗಿಯಿತು. ಮನೆ ಉಳಿಯಲೆಂದೇ ಮಗ ಓದು ಬಿಟ್ಟು ಟ್ಯಾಪಿಂಗ್ ಕತ್ತಿ ಹಿಡಿದದ್ದನ್ನು ನಾವು ನೋಡಿದ್ದೇವೆ.

ಹಾಗಾದರೆ ಹಕ್ಕುಪತ್ರ ಕೊಡಬಾರದೇ ಎಂದು ನೀವು ಕೇಳಬಹುದು. ಕಷ್ಟ ಇರುವುದೇ ಅಲ್ಲಿ. ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಕೊಡಬೇಕಾದರೆ 1980ರ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ, ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಿದ್ದದ್ದನ್ನು ತೋರಿಸಬೇಕು. 1964ರ ನಂತರ ಬಂದವರು ಎಲ್ಲಿಂದ ತೋರಿಸಬೇಕು?

ಆದ್ದರಿಂದ ಭೇಟಿಯಲ್ಲಿ ಕೆಲವು ವಿಷಯ ನೆನಪಿಡೋಣ. ಜಗಲಿಯಲ್ಲಿ ನಾಲ್ಕು ಜನರ ಎದುರು ಕೇಳುವುದು ಬೇಡ, ಅಡಿಗೆ ಕೋಣೆಯಲ್ಲಿ ಕೂತು ಕೇಳೋಣ. ಮಕ್ಕಳು ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು ಮಾತಾಡುತ್ತಾರೆ. ಅಜ್ಜಿಯ ಸುಖದುಃಖ ಮಾತ್ರ ತಮಿಳಿನಲ್ಲೇ ಬರುವುದು, ತಮಿಳು ಬಲ್ಲವರು ಒಬ್ಬರು ಜೊತೆಗಿರಲಿ. ‘ತೃಪ್ತಿಯೇ?’ ಎನ್ನುವ ಮೊದಲು ಎರಡು ಮಾತು ಕೇಳೋಣ: ‘ಕಳೆದ ಸಲ ರಿಪೇರಿ ಕೇಳಿದ್ದು ಯಾವಾಗ, ಏನಾಯಿತು?’ ‘ರಿಟೈರ್ ಆದ ಮೇಲೆ ಎಲ್ಲಿ ಇರುತ್ತೀರಿ?’ ಉತ್ತರವನ್ನು ಅವರ ಮಾತಿನಲ್ಲೇ ಬರೆಯೋಣ, ಹೆಸರು ಬರೆಯುವುದು ಬೇಡ. ನಮ್ಮಿಂದ ಆಗದ್ದಕ್ಕೆ ಭರವಸೆ ಕೊಡುವುದೂ ಬೇಡ.

ಆ ತಾಯಿ ನಮಗೆ ಸುಳ್ಳು ಹೇಳಲಿಲ್ಲ. ಸಿಲೋನು ಬಿಟ್ಟು ಬಂದವರಿಗೆ ತಲೆ ಮೇಲೊಂದು ಮಾಡು ಅಂದರೆ ದೊಡ್ಡದೇ. ಆದರೆ ಅರ್ಧ ಉತ್ತರ ಕೇಳಿ ಪೂರ್ತಿ ‘ಹೌದು’ ಬರೆದುಕೊಂಡವರು ನಾವು. ದೂರು ಹೇಳಲು ಹೆದರುವ ಮನೆಯಲ್ಲಿ ತೃಪ್ತಿ ಇದೆ ಎಂದು ಬರೆಯುವ ಮೊದಲು, ಇನ್ನು ಮೇಲಾದರೂ ಸ್ವಲ್ಪ ಹೊತ್ತು ಹೆಚ್ಚು ಕೂತುಕೊಳ್ಳೋಣ.